ಬಂಡೆಯ ಮೇಲೊಂದು ಎಮು, ಬಾನಿನಲ್ಲೊಂದು ಎಮು

ಸಿಡ್ನಿ ಎಂದೊಡನೆ ನಮಗೆ ನೆನಪಾಗುವುದು ಒಪೆರಾ ಹೌಸ್. ಬಿಟ್ಟರೆ ಕ್ರಿಕೆಟ್ ಮೈದಾನ. ಅದೇ ಮಹಾನಗರದ ಉತ್ತರದ ಅಂಚಿನಲ್ಲಿ ಕುರಿಂಗೈ ಚೇಸ್ ಎಂಬ ರಾಷ್ಟ್ರೀಯ ಉದ್ಯಾನವಿದೆ. 1894ರಿಂದ ಕಾಯ್ದುಕೊಂಡು ಬಂದಿರುವ ಈ ನೀಲಗಿರಿ ಮರಗಳ ಕಾಡಿನಲ್ಲಿ ಅಲ್ಲಲ್ಲಿ ಮರಳುಗಲ್ಲಿನ ಹಾಸುಬಂಡೆಗಳು ಎದುರಾಗುತ್ತವೆ. ಅವುಗಳ ಮೇಲೆ ಕಾಂಗರೂ, ಮೀನು, ತಿಮಿಂಗಿಲ, ಗುರಾಣಿ, ಮನುಷ್ಯರ ಆಕೃತಿಗಳು. ಎಲ್ಲವೂ ಆಸ್ಟ್ರೇಲಿಯದ ಮೂಲನಿವಾಸಿಗಳು ಕೊರೆದವು.

ನಡುಹಗಲಲ್ಲಿ ಹೋದವರಿಗೆ ಬರಿಯ ಬಂಡೆ ಕಂಡೀತು. ಬೆಳಗಿನ ಅಥವಾ ಸಂಜೆಯ ಓರೆಬಿಸಿಲು ಬಿದ್ದಾಗ ಗೆರೆಗಳಲ್ಲಿ ನೆರಳು ನಿಂತು ಚಿತ್ರ ಮೇಲೇಳುತ್ತದೆ.

ಕೊರೆದ ಬಗೆ ನಮ್ಮ ಚುಕ್ಕಿ ರಂಗೋಲಿಯನ್ನು ನೆನಪಿಸುತ್ತದೆ. ಮೊದಲು ಚೂಪುಗಲ್ಲಿನಿಂದ ಸಾಲಾಗಿ ಕುಳಿಗಳನ್ನು ಕುಟ್ಟುತ್ತಿದ್ದರು. ಬಳಿಕ ಅವನ್ನು ಉಜ್ಜಿ, ಕೂಡಿಸಿ ಗೆರೆ ಮಾಡುತ್ತಿದ್ದರು. ಇವು ಎಷ್ಟು ಹಳೆಯವು? ಕಲ್ಲಿನ ಗೆರೆಯ ವಯಸ್ಸನ್ನು ಅಳೆಯುವುದು ಬಹಳ ಕಷ್ಟ. ಆದರೆ ಈ ಸೀಮೆಯ ಕೆಲವೆಡೆ ಯುರೋಪಿನ ಹಾಯಿಹಡಗುಗಳ ಚಿತ್ರಗಳೂ ಇವೆ. ಎಂದರೆ 1788ರಲ್ಲಿ ಬ್ರಿಟಿಷರು ಬಂದಿಳಿದ ಮೇಲೂ ಕೊರೆಯುವ ಕೈ ನಿಂತಿರಲಿಲ್ಲ.

ಎಲ್ವಿನಾ ಎಂಬ ಕಾಲುದಾರಿಯ ಬಳಿ ಒಂದು ಎಮು ಹಕ್ಕಿ ಇದೆ. ಅದರ ಕಾಲುಗಳು ನೆಲದ ಮೇಲೆ ನಿಂತಂತಿಲ್ಲ, ಹಿಂದಕ್ಕೆ ಚಾಚಿವೆ. ಕೊರೆದವರಿಗೆ ಎಮು ನಿಲ್ಲುವ ರೀತಿ ತಿಳಿಯದೆ ಇತ್ತೇ? ಉತ್ತರ ಆಕಾಶದಲ್ಲಿದೆ ಎನ್ನುತ್ತಾರೆ ಖಗೋಳ ವಿಜ್ಞಾನಿ ರೇ ನಾರಿಸ್. ಆಕಾಶಗಂಗೆಯ ನಡುವಿನ ಕಪ್ಪು ಪಟ್ಟಿಗಳನ್ನೇ ಮೂಲನಿವಾಸಿಗಳು ಎಮುವಾಗಿ ಕಾಣುತ್ತಾರೆ. ನಾವು ತ್ರಿಶಂಕು ಎನ್ನುವ ನಕ್ಷತ್ರಪುಂಜದ ಪಕ್ಕದ ಕತ್ತಲ ತೇಪೆಯೇ ಅದರ ತಲೆ. ನಾವು ನಕ್ಷತ್ರಗಳನ್ನು ಜೋಡಿಸಿದರೆ, ಅವರು ಕತ್ತಲೆಯನ್ನು ಜೋಡಿಸಿದರು! ಅಲ್ಲಿನ ಶರತ್ಕಾಲದ ಸಂಜೆಗಳಲ್ಲಿ ಬಾನಿನ ಎಮು ಬಂಡೆಯ ಎಮುವಿನ ಮೇಲೆ ಅದೇ ಭಂಗಿಯಲ್ಲಿ ನಿಲ್ಲುತ್ತದೆ. ಎಮು ಮೊಟ್ಟೆಯಿಡುವ ಕಾಲವೂ ಅದೇ.

ಮರಳುಗಲ್ಲು ಮೆದು. ಮಳೆಗಾಳಿಗೆ ಗೆರೆ ಸವೆಯುತ್ತದೆ. ಹಿಂದೆ ವಿಧಿಗಳ ಸಂದರ್ಭದಲ್ಲಿ ಅವನ್ನು ಮತ್ತೆ ಮತ್ತೆ ಉಜ್ಜಿ ಆಳಮಾಡುತ್ತಿದ್ದರು ಎಂಬುದು ವಿದ್ವಾಂಸರ ಅಭಿಪ್ರಾಯ. 1789ರಲ್ಲಿ ಸಿಡುಬು ಬಂತು. ಸಿಡ್ನಿಯ ಸುತ್ತಲಿನ ಮೂಲನಿವಾಸಿಗಳಲ್ಲಿ ಅರ್ಧದಷ್ಟು ಜನ ಸತ್ತರೆಂದು ಗವರ್ನರ್ ಫಿಲಿಪ್ ಅಂದಾಜಿಸಿದ. ಉಳಿದವರ ನೆಲ ಹೋಯಿತು. ಗೆರೆಗಳನ್ನು ನೋಡಿಕೊಳ್ಳುವವರಿಲ್ಲದಾಯಿತು.

ಹಾಗಾದರೆ ಈಗ ಯಾರಾದರೂ ಮತ್ತೆ ಕೊರೆಯಬಹುದಲ್ಲ? 1960ರ ದಶಕದಲ್ಲಿ ಬೋಂಡಿ ಕಡಲತೀರದ ಗಾಲ್ಫ್ ಮೈದಾನದಲ್ಲಿ ಹಾಗೆಯೇ ಮಾಡಲಾಯಿತು. ಗೆರೆಗಳು ಸ್ಪಷ್ಟವಾದವು, ನಿಜ. ಆದರೆ ಹೊಸ ಗೆರೆಯಡಿ ಹಳೆಯ ಕೈಯ ಗುರುತು ಹೋಯಿತು ಎಂಬ ಆಕ್ಷೇಪ ಉಳಿದೇ ಇದೆ. ಅಳಿಸಿಹೋಗಲು ಬಿಡುವುದೂ ನಷ್ಟ, ಅನ್ಯರು ತಿದ್ದುವುದೂ ನಷ್ಟ. ತಿದ್ದುವುದಾದರೆ ಆ ಹಕ್ಕು ಕೊರೆದವರ ವಂಶದವರದು ಎಂದೇ ಈ ಲೇಖಕನಿಗೆ ತೋರುತ್ತದೆ. ಆದರೆ ಅಂಥವರನ್ನು ಗುರುತಿಸುವುದೂ ಸುಲಭವಲ್ಲ. ಉದ್ಯಾನದ ಹೆಸರಾದ 'ಕುರಿಂಗೈ' ಎಂಬುದನ್ನೇ ಇಲ್ಲಿನ ಜನರಿಗೆ ಅಂಟಿಸಿದವನು 1892ರಲ್ಲಿ ಜಾನ್ ಫ್ರೇಸರ್ ಎಂಬ ಬಿಳಿಯ ಶಾಲಾ ಮಾಸ್ತರ. ಅವರು ತಮ್ಮನ್ನು ಏನೆಂದು ಕರೆದುಕೊಳ್ಳುತ್ತಿದ್ದರು ಎಂಬ ಬಗ್ಗೆ ಇಂದಿಗೂ ವಾದವಿದೆ.