ವೇಷ ಹಳೆಯದು, ಏಟು ಆ ಹೊತ್ತಿನದು

ಹೊಸೂರು, ಡೆಂಕಣಿಕೋಟೆ, ತಳಿ ಕಡೆಯ ಕನ್ನಡದ ಮನೆಗಳಿಗೆ ತಮಿಳು ಸಿನಿಮಾ ಪರಕೀಯವಲ್ಲ. ವಡಿವೇಲು ಅವರ ‘ಇಂಸೈ ಅರಸನ್ 23ಆಮ್ ಪುಲಿಕೇಸಿ’ ಟಿ.ವಿ.ಯಲ್ಲಿ ಬಂದರೆ ಮನೆಮಂದಿಯೆಲ್ಲ ಕೂತು ನಗುತ್ತಾರೆ. ಆ ನಗುವಿನ ಜೊತೆಗೇ ಒಂದು ತಪ್ಪು ತಿಳಿವಳಿಕೆಯೂ ಬೆಳೆದುಬಿಡುತ್ತದೆ.

ತಪ್ಪು ಕಲ್ಪನೆ: ಈಸ್ಟ್ ಇಂಡಿಯಾ ಕಂಪನಿಯ ಕಾಲದಲ್ಲಿ ಈ ಸೀಮೆಯ ದೊರೆಗಳೂ ಸೈನಿಕರೂ ಚಿತ್ರದ ರಾಜ ಪುಲಿಕೇಸಿಯಂತೆಯೇ ಇದ್ದರು; ಶತ್ರು ಕಂಡರೆ ಸಾಕು, ಬಿಳಿ ಬಾವುಟ ಏರಿಸುತ್ತಿದ್ದರು.

ಸತ್ಯ: ಇದಕ್ಕೆ ಕೃಷ್ಣಗಿರಿಯ ಬೆಟ್ಟವೇ ಉತ್ತರ. 1791ರ ನವೆಂಬರ್‌ನಲ್ಲಿ ಬ್ರಿಟಿಷ್ ಕರ್ನಲ್ ಮ್ಯಾಕ್ಸ್‌ವೆಲ್‌ನ ಪಡೆ ರಾತ್ರೋರಾತ್ರಿ ಈ ಬೆಟ್ಟದ ಮೇಲಿನ ಕೋಟೆಗೆ ಲಗ್ಗೆ ಹಾಕಿತು. ಮೇಲಿದ್ದ ಟಿಪ್ಪುವಿನ ಸೈನಿಕರು ಬಂಡೆಗಳನ್ನು ಉರುಳಿಸಿದರು. ಏಣಿ ಹಿಡಿದು ಬಂದವರು ಸೋತು ಹಿಂದಿರುಗಿದರು. ಕೋಟೆ ಕಂಪನಿಯ ಕೈಸೇರಿದ್ದು ಮರುವರ್ಷ, ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ಟಿಪ್ಪು ಕೃಷ್ಣಗಿರಿಯಿರುವ ಬಾರಾಮಹಲ್ ಸೀಮೆಯನ್ನು ಬಿಟ್ಟುಕೊಟ್ಟಾಗ. ಪ್ರಾಣ ಪಣಕ್ಕಿಟ್ಟು ಕಾದವರ ನೆನಪು ಒಂದು ಹಾಸ್ಯದೃಶ್ಯದಿಂದ ಮಸುಕಾಗಬಾರದು.

ಹಾಗಾದರೆ ಪುಲಿಕೇಸಿ ಯಾವ ಕಾಲದವನು? ಚಿತ್ರ ತೆರೆಕಂಡ 2006ರವನು. ನಿರ್ದೇಶಕ ಚಿಂಬುದೇವನ್ ‘ಆನಂದ ವಿಕಟನ್’ ಪತ್ರಿಕೆಯಲ್ಲಿ ವ್ಯಂಗ್ಯಚಿತ್ರ ಬರೆಯುತ್ತಿದ್ದವರು. ವ್ಯಂಗ್ಯಚಿತ್ರಕಾರನ ಕಣ್ಣು ಆಯಾ ದಿನದ ಸುದ್ದಿಯ ಮೇಲೇ ಇರುತ್ತದೆ. ಅವರ ರಾಜ ಜಾತಿ ಜಗಳಕ್ಕೆಂದೇ ಮೈದಾನ ಕಟ್ಟಿಸುತ್ತಾನೆ. ‘ಅಕ್ಕಮಾಲಾ’, ‘ಗಪ್ಸಿ’ ಎಂಬ ತಂಪು ಪಾನೀಯಗಳು ಅವನ ರಾಜ್ಯದೊಳಕ್ಕೆ ನುಗ್ಗುತ್ತವೆ. ಕಥೆ ನಡೆಯುವ 18ನೇ ಶತಮಾನದಲ್ಲಿ ಇವೆಲ್ಲಿದ್ದವು? 2003ರಲ್ಲಿ ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರವು ತಂಪು ಪಾನೀಯಗಳಲ್ಲಿ ಕೀಟನಾಶಕ ಇದೆಯೆಂದು ವರದಿ ಕೊಟ್ಟಿತ್ತು. ಕೇರಳದ ಪ್ಲಾಚಿಮಡದಲ್ಲಿ ಬಾವಿ ಬತ್ತಿ ಜನ ಬೀದಿಗಿಳಿದ ಮೇಲೆ, 2004ರಲ್ಲಿ ಕೋಲಾ ಕಾರ್ಖಾನೆಯ ಕೆಲಸ ನಿಂತಿತ್ತು. ಕಿರೀಟ, ಕತ್ತಿ, ಗುರಾಣಿ ಬರೀ ವೇಷ; ಚಿತ್ರದ ಸಿಟ್ಟೆಲ್ಲ ಅಂದಿನ ಪತ್ರಿಕೆಗಳ ಮುಖಪುಟದ್ದು.

ತಪ್ಪು ಕಲ್ಪನೆ: ಯುದ್ಧದ ನಡುವೆ ನಗಿಸುವುದು ಸೈನಿಕರಿಗೆ ಮಾಡುವ ಅವಮಾನ.

ಸತ್ಯ: ಯುದ್ಧದ ಬಗ್ಗೆ ಹಾಸ್ಯಚಿತ್ರ ಬೇಡವೆಂದೇ ಚಾರ್ಲಿ ಚಾಪ್ಲಿನ್‌ಗೂ ಹಿತೈಷಿಗಳು ಹೇಳಿದ್ದರು. ಆದರೂ ಮೊದಲ ಮಹಾಯುದ್ಧ ಮುಗಿಯಲು ಮೂರು ವಾರವಿದ್ದಾಗ, 1918ರ ಅಕ್ಟೋಬರ್‌ನಲ್ಲಿ, ಅವರ ‘ಶೋಲ್ಡರ್ ಆರ್ಮ್ಸ್’ ಬಿಡುಗಡೆಯಾಯಿತು. ಕೆಸರು, ನೀರು ತುಂಬಿದ ಕಂದಕದಲ್ಲಿ ಮಲಗಲು ಒದ್ದಾಡುವ ಸಿಪಾಯಿಯನ್ನು ಸೈನಿಕರೇ ಮೆಚ್ಚಿಕೊಂಡರು, ಅದು ಅವರದೇ ಪಾಡಾಗಿತ್ತು.

ಚಿತ್ರ ತಯಾರಾದ ಕಾಲದ ಗುರುತು ಇನ್ನೂ ಢಾಳಾಗಿ ಕಾಣುವುದು ರಾಬರ್ಟ್ ಆಲ್ಟ್‌ಮನ್‌ರ ‘ಮ್ಯಾಶ್’ ಚಿತ್ರದಲ್ಲಿ. ಕಥೆ 1950ರ ದಶಕದ ಕೊರಿಯಾ ಯುದ್ಧದ್ದು, ಚಿತ್ರ ಬಂದದ್ದು 1970ರಲ್ಲಿ. ಆಲ್ಟ್‌ಮನ್ ಕೊರಿಯಾದ ಹೆಸರೇ ಕೇಳದಂತೆ ನೋಡಿಕೊಂಡರು. ಸ್ಟುಡಿಯೊ ಪಟ್ಟುಹಿಡಿದು ಆರಂಭದಲ್ಲೇ ಕೊರಿಯಾ ಎಂದು ಬರೆಸಿತು. ಆದರೂ ಅಮೆರಿಕದ ಪ್ರೇಕ್ಷಕರು ಅದರಲ್ಲಿ ಕಂಡದ್ದು ತಮ್ಮ ಮಕ್ಕಳು ಆಗಿನ್ನೂ ಸಾಯುತ್ತಿದ್ದ ವಿಯೆಟ್ನಾಂ ಯುದ್ಧವನ್ನೇ.