ತಲೆಯೆತ್ತಿ ನೋಡೋಣ: ಪ್ಯಾರಿಸ್ಸಿನ ಚಿತ್ರ ಚಾವಣಿಗಳು

ಗಲ್ಫಿನಿಂದ ರಜೆಗೆ ಯುರೋಪ್ ಪ್ರವಾಸ ಹೊರಡುವ ಕನ್ನಡಿಗರು ಈಗ ಸಾಕಷ್ಟಿದ್ದಾರೆ. ಪ್ಯಾರಿಸ್ಸಿನ ಲೂವ್ರ್ ಸಂಗ್ರಹಾಲಯಕ್ಕೆ ಹೋದರೆ ನಾವೆಲ್ಲ ಮೋನಾಲಿಸಾಳನ್ನು ಹುಡುಕುತ್ತ ಗೋಡೆಗಳನ್ನಷ್ಟೇ ನೋಡುತ್ತೇವೆ. ಆದರೆ 19ನೇ ಶತಮಾನದ ಫ್ರಾನ್ಸ್ ತನ್ನ ಹೆಸರಾಂತ ಕಲಾವಿದರಿಂದ ಒಳಚಾವಣಿಗಳಿಗೂ ಚಿತ್ರ ಬರೆಸಿತ್ತು.

ಆ ಕಾಲದ ಅನೇಕ ಚಾವಣಿ ಚಿತ್ರಗಳು ಹಸಿ ಗಾರೆಯ ಮೇಲೆ ಬರೆದವಲ್ಲ. ಕಲಾವಿದ ತನ್ನ ಚಿತ್ರಶಾಲೆಯಲ್ಲೇ ದೊಡ್ಡ ಕ್ಯಾನ್ವಾಸಿನ ಮೇಲೆ ಎಣ್ಣೆಬಣ್ಣದಲ್ಲಿ ಬರೆಯುತ್ತಿದ್ದ. ಆಮೇಲೆ ಅದನ್ನು ಗಟ್ಟಿಯಾದ ಅಂಟಿನಿಂದ ಚಾವಣಿಗೆ ಅಂಟಿಸುತ್ತಿದ್ದರು. ಈ ವಿಧಾನಕ್ಕೆ ಮರೂಫ್ಲಾಜ್ ಎಂದು ಹೆಸರು. ಲೂವ್ರ್‌ನ ಅಪೋಲೋ ಗ್ಯಾಲರಿಯ ನಡುಭಾಗ 17ನೇ ಶತಮಾನದಿಂದ ಖಾಲಿ ಉಳಿದಿತ್ತು. ಯೂಜೀನ್ ದಲಾಕ್ರುವಾ 1850-51ರಲ್ಲಿ, ಸೂರ್ಯದೇವ ಅಪೋಲೋ ಹೆಬ್ಬಾವನ್ನು ಕೊಲ್ಲುವ ಚಿತ್ರದಿಂದ ಅದನ್ನು ತುಂಬಿದ್ದು ಹೀಗೆಯೇ.

ಕ್ಯಾನ್ವಾಸ್ ಆಗಿದ್ದರಿಂದ ಚಿತ್ರವನ್ನು ಕೆಳಗಿಳಿಸಲೂ ಸಾಧ್ಯವಿತ್ತು. ಆಂಗ್ರ್ 1827ರಲ್ಲಿ ಲೂವ್ರ್‌ನ ಒಂದು ಕೋಣೆಯ ಚಾವಣಿಗೆಂದು ಗ್ರೀಕ್ ಕವಿ ಹೋಮರನ ಪಟ್ಟಾಭಿಷೇಕದ ಚಿತ್ರ ಬರೆದರು. ಇಂದು ಮೂಲಚಿತ್ರ ಗೋಡೆಯ ಮೇಲಿದೆ, ಚಾವಣಿಯಲ್ಲಿರುವುದು ಅದರ ಪ್ರತಿ. ಪ್ಯಾರಿಸ್ ನಗರಸಭಾ ಭವನದ ಚಿತ್ರಗಳಿಗೆ ಆ ಅದೃಷ್ಟವಿರಲಿಲ್ಲ. 1871ರ ಮೇ ತಿಂಗಳ ದಂಗೆಯಲ್ಲಿ ಭವನಕ್ಕೆ ಬೆಂಕಿ ಬಿದ್ದಾಗ ಆಂಗ್ರ್ ಮತ್ತು ದಲಾಕ್ರುವಾ ಇಬ್ಬರ ಚಾವಣಿ ಚಿತ್ರಗಳೂ ಸುಟ್ಟುಹೋದವು.

ಅಭಿರುಚಿ ಬದಲಾದಾಗ ಹಳೆಯದನ್ನು ಏನು ಮಾಡಬೇಕು? ಈ ಪ್ರಶ್ನೆಗೆ ಗಾರ್ನಿಯೇ ಒಪೆರಾ ಭವನದಲ್ಲಿ ಒಂದು ಉತ್ತರವಿದೆ. 1875ರಲ್ಲಿ ಅದು ತೆರೆದಾಗ ಸಭಾಂಗಣದ ಮೇಲೆ ಜೂಲ್ ಯೂಜೀನ್ ಲೆನೆಪ್ವು ತಾಮ್ರದ ಹಲಗೆಗಳ ಮೇಲೆ ಬರೆದ ಚಿತ್ರವಿತ್ತು. ಸುಮಾರು 90 ವರ್ಷಗಳ ನಂತರ, ಸಂಸ್ಕೃತಿ ಸಚಿವ ಆಂದ್ರೆ ಮಾಲ್ರೋ ಅವರ ಕೋರಿಕೆಯಂತೆ ಮಾರ್ಕ್ ಶಗಾಲ್ ಹೊಸ ಚಾವಣಿ ಬರೆದರು. 19ನೇ ಶತಮಾನದ ಭವನಕ್ಕೆ ಆಧುನಿಕ ಚಿತ್ರವೇ ಎಂದು ಹಲವರು ಸಿಟ್ಟಾದರು. ಆದರೆ 1964ರಲ್ಲಿ ಅನಾವರಣಗೊಂಡ ಆ ಚಿತ್ರವನ್ನು ಹಳೆಯದರ ಮೇಲೆ ಅಂಟಿಸಲಿಲ್ಲ. ಅದರ ಕೆಳಗೆ, ಬಿಚ್ಚಬಹುದಾದ ಚೌಕಟ್ಟಿಗೆ ಕೂರಿಸಿದರು. ಲೆನೆಪ್ವು ಅವರ ಚಿತ್ರ ಇಂದಿಗೂ ಅದರ ಹಿಂದೆ ಹಾಗೆಯೇ ಇದೆ. ಅದರ ಮಾದರಿಯನ್ನು ಆರ್ಸೇ ಸಂಗ್ರಹಾಲಯದಲ್ಲಿ ನೋಡಬಹುದು.

ಹಳೆಯ ಮನೆ, ಗುಡಿಗಳನ್ನು ಹೊಸದು ಮಾಡುವ ಉತ್ಸಾಹದಲ್ಲಿ ಗೋಡೆಚಿತ್ರಗಳಿಗೆ ಬಣ್ಣ ಬಳಿಸಿಬಿಡುವ ನಾವು ಈ ಜಾಣ್ಮೆಯನ್ನು ಗಮನಿಸಬೇಕು. ಹೊಸದು ಬರಲಿ, ಹಳೆಯದಕ್ಕೆ ಹಿಂದಿರುಗುವ ದಾರಿಯೂ ಉಳಿಯಲಿ. ಮುಂದಿನ ಸಲ ಪ್ಯಾರಿಸ್ಸಿಗೆ ಹೋದಾಗ ಒಪೆರಾ ಸಭಾಂಗಣದಲ್ಲಿ ಐದು ನಿಮಿಷ ತಲೆಯೆತ್ತಿ ನಿಲ್ಲೋಣ.