ಕಬ್ಬಿನ ಹಾದಿಯಲ್ಲಿ ಬೈಕ್ ಕಲಿಕೆ

ಕಾಸರಗೋಡಿನ ಬೈಕ್ ಸವಾರನಿಗೆ ಮಳೆಯ ಭಯ; ಕೊಲ್ಲಾಪುರ ಜಿಲ್ಲೆಯ ಗಡಹಿಂಗ್ಲಜದ ಕನ್ನಡಿಗ ಹುಡುಗನಿಗೆ ಕಬ್ಬಿನ ಭಯ. ಮೈದಾನದಲ್ಲಿ ಕ್ಲಚ್ಚು ಬಿಡುವುದನ್ನು ಕಲಿತರೆ ಸಾಲದು, ನಿಜವಾದ ಪರೀಕ್ಷೆ ಕಬ್ಬು ಅರೆಯುವ ತಿಂಗಳುಗಳಲ್ಲಿ.

ಟ್ರಾಕ್ಟರಿನ ಹಿಂದೆ ಎರಡೆರಡು ಟ್ರಾಲಿ. ಹೊರಚಾಚಿದ ಕಬ್ಬು ಕೆಲವೊಮ್ಮೆ ಹಿಂದೀಪವನ್ನೇ ಮುಚ್ಚಿರುತ್ತದೆ. ಇಚಲಕರಂಜಿಯಲ್ಲಿ ಮಗ್ಗದ ಪಾಳಿ ಮುಗಿಸಿ ರಾತ್ರಿ ಊರಿಗೆ ಹೊರಟವನಿಗೆ ಎದುರಿನ ಬೆಳಕು ಕಣ್ಣಿಗೆ ಹೊಡೆದರೆ, ಮುಂದಿರುವ ಟ್ರಾಲಿ ಕಾಣುವುದೇ ಇಲ್ಲ. ಆಗ ವೇಗ ಇಳಿಸುವುದೊಂದೇ ದಾರಿ.

ಬೈಕ್ ಕೊಳ್ಳುವಾಗ ಅಂದಕ್ಕಿಂತ ಮೊದಲು, ಕುಳಿತಾಗ ಎರಡೂ ಪಾದ ನೆಲಕ್ಕೆ ತಾಗುತ್ತವೆಯೇ ನೋಡಿ. ಮೈಸೂರಿನ ಕಾರ್ಖಾನೆಯ ಜಾವಾ, ಯೆಜ್ಡಿಗಳಲ್ಲಿ ಒದ್ದು ಚಾಲೂ ಮಾಡುವ ಕಿಕ್ಕರೇ ಗೇರಿನ ಕಡ್ಡಿಯೂ ಆಗಿತ್ತು. ಹೊಸಬರಿಗೆ ಅದೊಂದು ತಮಾಷೆಯ ಗೊಂದಲ. ಈಗ 125 ಸಿಸಿ ಮೀರಿದ ಹೊಸ ಬೈಕುಗಳಿಗೆ 2019ರ ಏಪ್ರಿಲಿನಿಂದ ಎಬಿಎಸ್ ಕಡ್ಡಾಯ. ಬ್ರೇಕ್ ಹಿಡಿದಾಗ ಚಕ್ರ ಕಚ್ಚಿಕೊಂಡು ಜಾರದಂತೆ ಅದು ತಡೆಯುತ್ತದೆ. ಸೋಗೆ, ಕೆಸರು ಬಿದ್ದ ರಸ್ತೆಯಲ್ಲಿ ಇದು ಸಣ್ಣ ಉಪಕಾರವಲ್ಲ.

ಹೆಲ್ಮೆಟ್ ಐಎಸ್‌ಐ ಗುರುತಿನದೇ ಇರಲಿ, ಗಲ್ಲದ ಪಟ್ಟಿ ಬಿಗಿದಿರಲಿ. 1988ರ ಮೋಟಾರು ವಾಹನ ಕಾಯಿದೆ ಹಿಂದೆ ಕೂರುವವರಿಗೂ ಅದನ್ನು ಕಡ್ಡಾಯ ಮಾಡಿದೆ. ಅಮ್ಮನನ್ನು ಸಂತೆಗೆ ಕರೆದೊಯ್ಯುವ ಮಗ ಎರಡು ಹೆಲ್ಮೆಟ್ಟಿನ ಹಣವನ್ನು ಮೊದಲೇ ತೆಗೆದಿಡಲಿ.